ದೂರದ ಸವಾರಿಗೆ ದೊಡ್ಡ ಬೈಕ್: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಿಂದ ಮಂಗಳೂರಿಗೆ ಹೊರಟರೆ ಸಂಪಾಜೆ ಘಾಟಿ, ವಿರಾಜಪೇಟೆಯಿಂದ ಕಣ್ಣೂರಿಗಾದರೆ ಮಾಕುಟ್ಟ, ಭಾಗಮಂಡಲದಿಂದ ಕಾಸರಗೋಡಿಗಾದರೆ ಕರಿಕೆ. ಕುಶಾಲನಗರದ ಕಡೆ ಮಾತ್ರ ರಸ್ತೆ ಒಂದಿಷ್ಟು ಸಲೀಸು. ಇದೆಲ್ಲಕ್ಕೂ ಮೊದಲು ಮನೆಯ ಗೇಟಿನಿಂದ ಡಾಂಬರಿಗೆ ಬರುವ ತೋಟದ ದಾರಿ ಇದ್ದೇ ಇದೆ. ಬಯಲುಸೀಮೆಯವರು ಬೈಕ್ ಆರಿಸುವ ಲೆಕ್ಕ ಇಲ್ಲಿಗೆ ಅಷ್ಟಾಗಿ ಒಗ್ಗುವುದಿಲ್ಲ. ಕೆಳಗಿನ ಉತ್ತರಗಳೆಲ್ಲ ಆ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ದೂರ ಹೋಗಲು ಕಡಿಮೆಯೆಂದರೆ ಎಷ್ಟು ಸಿಸಿ ಬೇಕು?

ಒಬ್ಬರೇ ಹೋಗುವುದಾದರೆ 250 ಸಾಕು. ಇಬ್ಬರು, ಜೊತೆಗೆ ಸಾಮಾನು ಎಂದರೆ 350ರಿಂದ 450. ಇದು ಜಿಪುಣತನದ ಸಲಹೆ ಅಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಆ ವೇಗದಲ್ಲಿ ಇಡೀ ದಿನ ನಡುಗದೆ ಓಡುವ, ಲಾರಿ ದಾಟಲು ಇನ್ನೊಂದಿಷ್ಟು ಕಸುವು ಉಳಿಸಿಕೊಂಡಿರುವ ಎಂಜಿನ್ ಇದ್ದರೆ ಆಯಿತು. ಸುಜುಕಿ ವಿ-ಸ್ಟ್ರೋಮ್ ಎಸ್‌ಎಕ್ಸ್ (249 ಸಿಸಿ) ಈ ಕೆಲಸ ಮಾಡುತ್ತದೆ. ರಾಯಲ್ ಎನ್‌ಫೀಲ್ಡ್‌ನ 350 ಎಂಜಿನ್ 90ರವರೆಗೆ ಖುಷಿಯಾಗಿ ಓಡುತ್ತದೆ, ಆಮೇಲೆ ಏದುಸಿರು ಬಿಡುತ್ತದೆ. ಅದೇ ಕಂಪನಿಯ ಹಿಮಾಲಯನ್ 450, ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್, ಕೆಟಿಎಂ 390 ಅಡ್ವೆಂಚರ್, ಬಜಾಜ್ ಡೊಮಿನಾರ್ 400 ಇವಕ್ಕೆ ಹೆದ್ದಾರಿ ಒಂದು ಭಾರವೇ ಅಲ್ಲ.

ಘಾಟಿಯಲ್ಲಿ ನೋಡಬೇಕಾದ್ದು ಹಾರ್ಸ್‌ಪವರ್ ಅಲ್ಲ, ಟಾರ್ಕ್ (ಚಕ್ರ ತಿರುಗಿಸುವ ಎಳೆತ) ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಸಿಗುತ್ತದೆ ಎಂಬುದು. ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350ರ ಟಾರ್ಕ್ 27 ಎನ್ಎಂ ಮಾತ್ರ, ಆದರೆ ಅದು 4000 ಆರ್‌ಪಿಎಂಗೇ ಸಿಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರಿನಲ್ಲೇ ಎಳೆದುಕೊಂಡು ಹೋಗಲು ಇದು ಅನುಕೂಲ. ಹಿಮಾಲಯನ್ 450ರಲ್ಲಿ 40 ಎನ್ಎಂ ಇದ್ದರೂ ಅದು ಪೂರ್ತಿ ಕೈಗೆ ಸಿಗುವುದು 5500ಕ್ಕೆ. ಗೇರ್ ಇಳಿಸಲು ಬೇಸರಪಡುವವರಿಗೆ ಇಂಥ ಎಂಜಿನ್ ಮೊದಮೊದಲು ಸೋಮಾರಿ ಎನಿಸುತ್ತದೆ.

ಹಾಗಾದರೆ 650 ಕೊಳ್ಳುವುದು ದಂಡವೇ?

ದಂಡ ಅಲ್ಲ. ಎರಡು ಸಿಲಿಂಡರಿನ ನಯ ಬೇರೆಯೇ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಮೇಲೆ ಹುಬ್ಬಳ್ಳಿ ದಾಟಿ ಪುಣೆ ಕಡೆ ಹೋದವರಿಗೆ ಸಂಜೆ ಕೈ ಜೋಮು ಹಿಡಿಯುವುದಿಲ್ಲ, ಅದು ನಿಜ. ನಿಮ್ಮ ಪ್ರವಾಸಗಳಲ್ಲಿ ಮುಕ್ಕಾಲು ಪಾಲು ಇಂಥ ಹೆದ್ದಾರಿಯೇ ಆಗಿದ್ದು, ಮನೆಯ ಬಾಗಿಲವರೆಗೆ ಕಾಂಕ್ರೀಟೋ ಡಾಂಬರೋ ಇದ್ದರೆ ಕೊಳ್ಳಿ. ತೋಟದೊಳಗೆ ಅರ್ಧ ಕಿ.ಮೀ. ಮಣ್ಣಿನ ದಾರಿ ಇದ್ದರೆ ಮುಂದಿನ ಉತ್ತರ ಓದಿ ಆಮೇಲೆ ತೀರ್ಮಾನಿಸಿ.

ತೂಕ ಅಷ್ಟೊಂದು ಮುಖ್ಯವೇ? ಓಡುವಾಗ ಗೊತ್ತಾಗುವುದಿಲ್ಲ ಎನ್ನುತ್ತಾರಲ್ಲ?

ಓಡುವಾಗ ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ. ಕೊಡಗಿನಲ್ಲಿ ದೊಡ್ಡ ಬೈಕುಗಳು ಬೀಳುವುದು ಹೆಚ್ಚಾಗಿ ನಿಂತಲ್ಲೇ, ಅಥವಾ ಗಂಟೆಗೆ ಐದು ಕಿ.ಮೀ. ವೇಗದಲ್ಲಿ: ಇಳಿಜಾರಿನ ಅಂಗಳದಲ್ಲಿ ಹಿಂದಕ್ಕೆ ತಳ್ಳುವಾಗ, ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ಕಾಲು ಊರಿದಾಗ, ಕಾಫಿ ಕೊಯ್ಲಿನ ದಿನಗಳಲ್ಲಿ ಟ್ರ್ಯಾಕ್ಟರ್ ಕೊರೆದ ಚಕ್ರದ ಜಾಡಿನಲ್ಲಿ ಮುಂದಿನ ಟೈರ್ ಸಿಕ್ಕಿಕೊಂಡಾಗ.

ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪೆಟ್ರೋಲ್, ಆಯಿಲ್ ಸೇರಿಸಿ ವಿ-ಸ್ಟ್ರೋಮ್ ಎಸ್‌ಎಕ್ಸ್ 167 ಕೆಜಿ. ಸ್ಕ್ರ್ಯಾಂಬ್ಲರ್ 400 ಎಕ್ಸ್ 185. ಮೀಟಿಯೋರ್ 350 191. ಹಿಮಾಲಯನ್ 450 196. ಸೂಪರ್ ಮೀಟಿಯೋರ್ 650 ಬರೋಬ್ಬರಿ 241. ಮೊದಲನೆಯದಕ್ಕೂ ಕೊನೆಯದಕ್ಕೂ ಅಂತರ 74 ಕೆಜಿ, ಅಂದರೆ ಒಂದೂವರೆ ಮೂಟೆ ಕಾಫಿ. ತೋಟದಲ್ಲಿ ಬಿದ್ದರೆ ಎತ್ತಲು ನಾಲ್ಕು ಜನ ಓಡಿ ಬರುತ್ತಾರೆ. ಬಿಸಿಲೆ ಘಾಟಿಯಲ್ಲೋ ಕರಿಕೆ ದಾರಿಯಲ್ಲೋ ಬಿದ್ದರೆ ನೀವೊಬ್ಬರೇ.

ಒಬ್ಬರೇ ಎತ್ತುವ ಕ್ರಮ ಹೀಗೆ. ಮೊದಲು ಎಂಜಿನ್ ಆಫ್ ಮಾಡಿ. ಎಡಗಡೆಗೆ ಬಿದ್ದಿದ್ದರೆ ಗೇರ್ ಲಿವರ್ ಅಡಿಯಲ್ಲಿರುತ್ತದೆ, ಆಗ ಮುಂದಿನ ಬ್ರೇಕ್ ಲಿವರನ್ನು ಹಗ್ಗದಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿದು ಚಕ್ರ ಉರುಳದಂತೆ ಮಾಡಿ. ಬಲಗಡೆಗೆ ಬಿದ್ದಿದ್ದರೆ ಮೊದಲನೇ ಗೇರಿಗೆ ಹಾಕಿ, ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡನ್ನು ಹೊರಗೆ ಚಾಚಿಡಿ. ಇಲ್ಲದಿದ್ದರೆ ಎತ್ತಿದ ಬೈಕ್ ಆಚೆ ಬದಿಗೆ ಉರುಳುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ಭಾರ ತೊಡೆಯ ಮೇಲೆ ಬೀಳಬೇಕು, ಸೊಂಟದ ಮೇಲಲ್ಲ. ಶೋರೂಮಿನವರು ಒಪ್ಪುವುದಿಲ್ಲ, ಆದರೆ ಗುರುತಿನವರ ಬಳಿ ಅದೇ ಮಾಡೆಲ್ ಇದ್ದರೆ ಹುಲ್ಲಿನ ಮೇಲೆ ಮಲಗಿಸಿ ಒಮ್ಮೆ ಎತ್ತಿ ನೋಡಿ. ಎತ್ತಲಾಗದಿದ್ದರೆ ಆ ಬೈಕ್ ನಿಮ್ಮದಲ್ಲ.

ನನ್ನ ಎತ್ತರ ಐದಡಿ ಮೂರಿಂಚು. ಅಡ್ವೆಂಚರ್ ಬೈಕ್ ಆಗುತ್ತದೆಯೇ?

ಆಗುತ್ತದೆ. ಹಿಮಾಲಯನ್ 450ರ ಸೀಟು 825 ಮಿ.ಮೀ., ಬೇಕಾದರೆ 845ಕ್ಕೆ ಏರಿಸಬಹುದು. ವಿ-ಸ್ಟ್ರೋಮ್ ಎಸ್‌ಎಕ್ಸ್ ಮತ್ತು ಸ್ಕ್ರ್ಯಾಂಬ್ಲರ್ 400 ಎಕ್ಸ್ ಎರಡೂ 835. ಡೊಮಿನಾರ್ 800. ಮೀಟಿಯೋರ್ 350 765. ಸಮತಟ್ಟಾದ ನೆಲದಲ್ಲಿ ಎರಡೂ ಪಾದದ ಮುಂಭಾಗ ಊರುವಂತಿದ್ದರೆ ಸಾಕು, ಹಿಮ್ಮಡಿ ಮುಟ್ಟಲೇಬೇಕೆಂದಿಲ್ಲ. ಆದರೆ ರಸ್ತೆ ಬಲಕ್ಕೆ ವಾಲಿದಲ್ಲಿ ನಿಲ್ಲಿಸಿ ನೋಡಿ, ಅಲ್ಲಿ ನೆಲ ಇನ್ನೂ ಎರಡಿಂಚು ಕೆಳಗೆ ಹೋಗಿರುತ್ತದೆ. ಕುಳ್ಳಗಿರುವವರಿಗೆ ಅಗಲವಾದ ಸೀಟು ಎತ್ತರದ ಸೀಟಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಫೋಮ್ ತೆಳು ಮಾಡಿಸಿ, ಅಂಚು ಕೆತ್ತಿಸಿ, ದಪ್ಪ ಅಡಿಯ ಬೂಟು ಹಾಕಿ. ಹಿಂದಿನ ಶಾಕ್ ಅಬ್ಸಾರ್ಬರಿನ ಲಿಂಕ್ ಬದಲಿಸಿ ಬೈಕ್ ಇಳಿಸುವುದು ಬೇಡ. ಗ್ರೌಂಡ್ ಕ್ಲಿಯರೆನ್ಸ್ ಹೋಗುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಭಾರವಾಗುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕ್ ನೆಟ್ಟಗೆ ನಿಂತು ಆಚೆ ಬೀಳುತ್ತದೆ.

ಮುಂದಿನ ಚಕ್ರ 21 ಇಂಚೋ, 19ಓ, 17ಓ?

21 ಗುಂಡಿಯ ಮೇಲೆ ಉರುಳಿ ಹೋಗುತ್ತದೆ, 17 ಗುಂಡಿಯೊಳಗೆ ಇಳಿಯುತ್ತದೆ. ಘಾಟಿಯ ತಿರುವಿನಲ್ಲಿ ಚುರುಕು 17ಕ್ಕೆ. ನಮ್ಮ ರಸ್ತೆಗಳಿಗೆ 19 ಒಳ್ಳೆಯ ರಾಜಿ. ವರ್ಷದಲ್ಲಿ ಆರು ತಿಂಗಳು ಕೆಸರು ತುಳಿಯುವವರಿಗೆ 21.

ಟೈರ್ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಮಳೆಗಾಲಕ್ಕೆಂದು ದೊಡ್ಡ ದೊಡ್ಡ ಗುಬುಟಿನ ಆಫ್‌ರೋಡ್ ಟೈರ್ ಹಾಕಿಸುತ್ತಾರೆ. ಕೆಸರಿನಲ್ಲಿ ಅದು ಸರಿ. ಒದ್ದೆ ಡಾಂಬರಿನಲ್ಲಿ ನೆಲ ಮುಟ್ಟುವ ರಬ್ಬರ್ ಕಡಿಮೆಯಾಗಿ ಅದೇ ಟೈರ್ ಜಾರುತ್ತದೆ. ಸಂಪಾಜೆ ಇಳಿಯುವವರಿಗೆ ರಸ್ತೆ ಹೆಚ್ಚು, ಮಣ್ಣು ಕಡಿಮೆ ಎಂಬ ಲೆಕ್ಕದ ಟೈರೇ ಸೂಕ್ತ.

ಅಲಾಯ್ ಚಕ್ರವೋ ಕಡ್ಡಿ ಚಕ್ರವೋ?

ಕಡ್ಡಿ ಚಕ್ರ ಬಾಗಿದರೂ ತಟ್ಟಿ ಸರಿಪಡಿಸಬಹುದು, ಅಲಾಯ್ ಬಿರುಕು ಬಿಟ್ಟರೆ ಹೊಸದೇ ಬೇಕು. ಆದರೆ ಸಾಮಾನ್ಯ ಕಡ್ಡಿ ಚಕ್ರ ಎಂದರೆ ಒಳಗೆ ಟ್ಯೂಬ್. ರಾತ್ರಿ ಮಾಕುಟ್ಟದ ಕಾಡಿನಲ್ಲಿ ಚಕ್ರ ಬಿಚ್ಚಿ ಟ್ಯೂಬ್ ತೆಗೆಯುವುದು ಯಾರಿಗೂ ಬೇಡ. ಕಡ್ಡಿ ಇದ್ದೂ ಟ್ಯೂಬ್‌ಲೆಸ್ ಆಗಿರುವ ಚಕ್ರ ಸಿಗುವ ಮಾಡೆಲ್ ಇದ್ದರೆ ಹೆಚ್ಚಿನ ಹಣ ಕೊಟ್ಟು ಅದನ್ನೇ ತೆಗೆದುಕೊಳ್ಳಿ. ಹೊಸ ಬೈಕಿನಲ್ಲಿ ದುಡ್ಡು ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಟ್ಯೂಬ್‌ಲೆಸ್ ಟೈರಿಗೆ ದಾರಿಯಲ್ಲೇ ಪಂಚರ್ ಹಾಕುವುದು ಹೇಗೆ?

ಮೊಳೆ ಯಾವ ಕೋನದಲ್ಲಿ ಹೊಕ್ಕಿದೆ ಎಂದು ನೋಡಿಕೊಂಡು ಇಕ್ಕಳದಿಂದ ಎಳೆಯಿರಿ. ಅದೇ ಕೋನದಲ್ಲಿ ಅರದಂತಿರುವ ಸಲಾಕೆಯನ್ನು ಐದಾರು ಸಲ ಒಳಗೆ ಹೊರಗೆ ಆಡಿಸಿ ತೂತನ್ನು ಒರಟು ಮಾಡಿ. ಪಂಚರ್ ಕಿಟ್ಟಿನ ರಬ್ಬರ್ ದಾರವನ್ನು ಸೂಜಿಯಲ್ಲಿ ಪೋಣಿಸಿ, ಸೊಲ್ಯೂಷನ್ (ರಬ್ಬರ್ ಅಂಟು) ಹಚ್ಚಿ, ಎರಡೂ ತುದಿ ಒಂದು ಸೆಂ.ಮೀ. ಹೊರಗೆ ಉಳಿಯುವಷ್ಟು ಒಳಗೆ ಒತ್ತಿ, ಸೂಜಿಯನ್ನು ಝಟ್ಟನೆ ಎಳೆಯಿರಿ. ಗಾಳಿ ತುಂಬಿಸಿ, ಎಂಜಲೋ ಸೋಪಿನ ನೀರೋ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಉಳಿದ ದಾರ ಕತ್ತರಿಸಿ. ತೂತು ಟೈರಿನ ಪಕ್ಕದ ಗೋಡೆಯಲ್ಲಿದ್ದರೆ ಈ ದಾರ ನಿಲ್ಲುವುದಿಲ್ಲ, ಪ್ರಯತ್ನಿಸಲೂ ಬೇಡಿ. ಹ್ಯಾಂಡ್ ಪಂಪ್ ಅಥವಾ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಜೊತೆಯಲ್ಲಿಲ್ಲದಿದ್ದರೆ ಮೇಲಿನದೆಲ್ಲ ವ್ಯರ್ಥ.

ಪೆಟ್ರೋಲ್ ಟ್ಯಾಂಕ್ ಎಷ್ಟು ದೊಡ್ಡದಿರಬೇಕು?

ಒಮ್ಮೆ ತುಂಬಿಸಿದರೆ ಆತಂಕವಿಲ್ಲದೆ 250 ಕಿ.ಮೀ. ಓಡಬೇಕು. ಟ್ಯಾಂಕಿನ ಅಳತೆಯಿಂದ ಮೂರು ಲೀಟರ್ ಕಳೆದು, ಉಳಿದದ್ದನ್ನು ನಿಜವಾದ ಮೈಲೇಜಿನಿಂದ ಗುಣಿಸಿ. 17 ಲೀಟರಿನ ಹಿಮಾಲಯನ್ 28 ಕೊಟ್ಟರೆ 390 ಕಿ.ಮೀ. 13.7 ಲೀಟರಿನ ಇಂಟರ್‌ಸೆಪ್ಟರ್ 25 ಕೊಟ್ಟರೆ 270ರ ಹತ್ತಿರ. ಎರಡೂ ಸಾಕು. ಮಾಕುಟ್ಟ ಇಳಿಯುವವರು ವಿರಾಜಪೇಟೆಯಲ್ಲೇ ತುಂಬಿಸಿ, ಕಾಡಿನ ನಡುವೆ ಬಂಕ್ ಇಲ್ಲ.

350 ಸಿಸಿಯ ಗಡಿ ದಾಟಿದರೆ ಖರ್ಚು ಎಷ್ಟು ಬದಲಾಗುತ್ತದೆ?

ಬಹಳ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದರ ಮೇಲಿನದಕ್ಕೆ ಶೇ 40. 349 ಸಿಸಿಯ ಎಂಜಿನ್ ಗಡಿಯ ಒಳಗೆ, 398 ಹೊರಗೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದರ ದರವೂ 350 ದಾಟಿದೊಡನೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಇದರ ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್: ಒಂದು ಲಕ್ಷ ರೂಪಾಯಿ ಮೀರಿದ ದ್ವಿಚಕ್ರಕ್ಕೆ ಶೇ 18, ಅದಕ್ಕೊಂದು ಸೆಸ್. ಎಕ್ಸ್‌ಶೋರೂಂ ಬೆಲೆ ನೋಡಿ ಬಜೆಟ್ ಹಾಕಿದವರು ಆನ್‌ರೋಡ್ ಬೆಲೆ ಕೇಳಿ ಬೆಚ್ಚುವುದು ಇದಕ್ಕೇ. ಜಾಕೆಟ್, ಹೆಲ್ಮೆಟ್, ಗ್ಲೌಸ್, ಬೂಟು, ಚೀಲಗಳಿಗೆ ಬೇರೆಯೇ ದುಡ್ಡು ತೆಗೆದಿಟ್ಟುಕೊಳ್ಳಿ. ಇವನ್ನೆಲ್ಲ ಬಿಟ್ಟು ಎಲ್ಲ ಹಣವನ್ನೂ ಬೈಕಿಗೇ ಸುರಿಯುವುದಾದರೆ ಒಂದು ಮೆಟ್ಟಿಲು ಚಿಕ್ಕ ಬೈಕ್ ತೆಗೆದುಕೊಳ್ಳಿ.

ಲೈಸೆನ್ಸ್ ಬೇರೆ ಬೇಕೇ?

ಬೇಡ. ಗೇರ್ ಇರುವ ಬೈಕಿನ ಲೈಸೆನ್ಸ್ ಇದ್ದರೆ ಎಷ್ಟು ಸಿಸಿಯನ್ನಾದರೂ ಓಡಿಸಬಹುದು.

ಕಣ್ಣೂರಿನಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಅಗ್ಗಕ್ಕೆ ಸಿಗುತ್ತಿದೆ. ತರಬಹುದೇ?

ತರಬಹುದು, ಆದರೆ ಲೆಕ್ಕ ಪೂರ್ತಿ ಹಾಕಿ ತನ್ನಿ. ಕೇರಳದ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಸಾಲವಿದ್ದು ತೀರಿದ್ದರೆ ಬ್ಯಾಂಕಿನ ಸಹಿಯಿರುವ ಫಾರ್ಮ್ 35. ಆಮೇಲೆ ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಿ ಕೆಎ-12 ನಂಬರ್ ಪಡೆಯಬೇಕು. ಬೈಕಿಗೆ ವಯಸ್ಸಾದಷ್ಟೂ ಟ್ಯಾಕ್ಸ್ ಇಳಿಯುತ್ತದೆ, ಆದರೆ ಇಲ್ಲವಾಗುವುದಿಲ್ಲ. ಇದೆಲ್ಲ ಕೂಡಿಸಿದ ಮೇಲೂ ಅಗ್ಗ ಎನಿಸಿದರೆ ಮಾತ್ರ ಮುಂಗಡ ಕೊಡಿ.

ಸೆಕೆಂಡ್ ಹ್ಯಾಂಡ್ ಬೈಕಿನಲ್ಲಿ ಏನೇನು ನೋಡಬೇಕು?

ಹೋಗುವ ಮುಂಚೆ ಫೋನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಇಡಲು ಹೇಳಿ. ಹೋದೊಡನೆ ಎಂಜಿನ್ ಮುಟ್ಟಿ. ಬಿಸಿ ಇದ್ದರೆ ತಣ್ಣಗಿನ ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ.

ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಡುವೆ ಒಂದು ಕಡೆ ಕಚ್ಚಿ ನಿಂತಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಫೋರ್ಕಿನ (ಮುಂದಿನ ಶಾಕ್ ಅಬ್ಸಾರ್ಬರಿನ) ಕೊಳವೆ ಮೇಲೆ ಆಯಿಲ್ ಉಂಗುರ ಕಂಡರೆ ಆಯಿಲ್ ಸೀಲ್ ಹೋಗಿದೆ. ಹಿಂದಿನ ಸ್ಪ್ರಾಕೆಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸೆಟ್ ಇಡೀ ಬದಲಿಸಬೇಕು. ಟೈರಿನ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದ್ದು. ಟೈರಿನ ಗುಬುಟು ಎಷ್ಟೇ ಚೆನ್ನಾಗಿ ಕಂಡರೂ ಆ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆಯಲ್ಲಿ ಹಿಡಿಯುವುದಿಲ್ಲ. ಎಂಜಿನ್ ಅಡಿಯ ರಕ್ಷಾಫಲಕ ಜಜ್ಜಿದ್ದರೆ ಹೆದರಬೇಡಿ, ಅದು ಇರುವುದೇ ಅದಕ್ಕೆ. ಫಲಕ ಹೊಚ್ಚ ಹೊಸದಾಗಿದ್ದು ಎಂಜಿನ್ ಕೇಸಿಂಗ್ ಗೀರಿದ್ದರೆ ಪ್ರಶ್ನೆ ಕೇಳಿ.

ಸರ್ವಿಸ್ ಸೆಂಟರ್ ದೂರವಿದ್ದರೆ ಕೊಳ್ಳಬಾರದೇ?

ದೂರ ಎಂದರೆ ಎಷ್ಟು ಎಂಬುದು ಪ್ರಶ್ನೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು 140ರ ಹತ್ತಿರ. ವರ್ಷಕ್ಕೆ ಎರಡು ಸಲ ಹೋಗುವುದು ಕಷ್ಟವಲ್ಲ, ಅದನ್ನೇ ಒಂದು ಸವಾರಿ ಎಂದುಕೊಳ್ಳಬಹುದು. ತೊಂದರೆ ಇರುವುದು ಬಿಡಿಭಾಗದಲ್ಲಿ. ಬೆಂಗಳೂರಿಗೊಂದೇ ಡೀಲರ್ ಇರುವ ಬ್ರ್ಯಾಂಡಿನ ಕ್ಲಚ್ ಲಿವರ್ ಮುರಿದರೆ ವಾರಗಟ್ಟಲೆ ಕಾಯಬೇಕು. ಅಂಥ ಬೈಕ್ ತೆಗೆದುಕೊಂಡರೆ ಮೊದಲ ದಿನವೇ ಕ್ಲಚ್ ಮತ್ತು ಬ್ರೇಕ್ ಲಿವರ್ ಒಂದೊಂದು, ಕ್ಲಚ್ ವೈರ್, ಬ್ರೇಕ್ ಪ್ಯಾಡ್ ಒಂದು ಜೊತೆ, ಆಯಿಲ್ ಫಿಲ್ಟರ್, ಫ್ಯೂಸುಗಳು ಮತ್ತು ಚೈನ್ ಲಿಂಕ್ ತರಿಸಿ ಮನೆಯಲ್ಲಿಡಿ. ಕ್ಲಚ್ ವೈರನ್ನು ಈಗಿರುವ ವೈರಿನ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿಟ್ಟರೆ ದಾರಿಯಲ್ಲಿ ಕಡಿದಾಗ ಹತ್ತು ನಿಮಿಷದ ಕೆಲಸ.

ಘಾಟಿ ಇಳಿಯುವಾಗ ಬ್ರೇಕ್ ಮೆತ್ತಗಾಗುತ್ತದೆ. ಏಕೆ?

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಹವೆಯಲ್ಲಿ ಇನ್ನೂ ಬೇಗ. ತೇವ ಸೇರಿದ ಆಯಿಲ್ ಕಡಿಮೆ ಶಾಖಕ್ಕೇ ಕುದಿಯುತ್ತದೆ, ಕುದಿದಾಗ ಆವಿಯ ಗುಳ್ಳೆ ಏಳುತ್ತದೆ, ಲಿವರ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಪ್ಯಾಡ್ ಕಚ್ಚುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಮುಚ್ಚಳದ ಮೇಲೆ ಡಾಟ್ 4 ಎಂದಿದ್ದರೆ ಅದನ್ನೇ ಹಾಕಿಸಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಕ್ಲಚ್ ಹಿಡಿದು ಉರುಳಬೇಡಿ. ಬ್ರೇಕನ್ನು ಬಿಡದೆ ಸವರುವ ಬದಲು ತಿರುವಿನ ಮುಂಚೆ ಗಟ್ಟಿಯಾಗಿ ಒತ್ತಿ, ಬಿಟ್ಟು, ತಣಿಯಲು ಬಿಡಿ. ಲಿವರ್ ಮೆತ್ತಗಾಗಿಯೇ ಹೋದರೆ ನಿಲ್ಲಿಸಿ ಇಪ್ಪತ್ತು ನಿಮಿಷ ಕಾಯಿರಿ. ಬಿಸಿ ಡಿಸ್ಕಿಗೆ ನೀರು ಹೊಯ್ದರೆ ಡಿಸ್ಕ್ ಸೊಟ್ಟಗಾಗುತ್ತದೆ.

ಇಬ್ಬರು ಮತ್ತು ಸಾಮಾನು: ಎಷ್ಟು ಹೇರಬಹುದು?

ಮ್ಯಾನುಯಲ್‌ನಲ್ಲಿ ಒಟ್ಟು ಗರಿಷ್ಠ ತೂಕ ಇರುತ್ತದೆ. ಅದರಿಂದ ಬೈಕಿನ ತೂಕ ಕಳೆಯಿರಿ. ಸವಾರ 75, ಹಿಂದೆ ಕೂರುವವರು 60, ಬಟ್ಟೆಬರೆ 20, ಪೆಟ್ಟಿಗೆ ಮತ್ತು ಅದರ ಕಂಬಿ 15, ಒಟ್ಟು 170 ಕೆಜಿ. ಕಳೆದು ಬಂದ ಸಂಖ್ಯೆ ಇದಕ್ಕಿಂತ ಕಡಿಮೆಯಿದ್ದರೆ ಸಾಮಾನು ಇಳಿಸಿ. ಲೋಹದ ಪೆಟ್ಟಿಗೆ ನೋಡಲು ಚೆನ್ನ, ಆದರೆ ಕೆಸರಿನಲ್ಲಿ ಬಿದ್ದಾಗ ಕಾಲಿನ ಮೇಲೆ ಬೀಳುತ್ತದೆ, ಕಿರಿದಾದ ತೋಟದ ಗೇಟಿಗೆ ತಾಗುತ್ತದೆ. ಬಾಯಿ ಸುರುಳಿ ಸುತ್ತುವ ನೀರು ಹೋಗದ ಚೀಲವೇ ಮೇಲು. ಸಾಮಾನ್ಯ ಚೀಲಕ್ಕೆ ಹೊದಿಸುವ ತೆಳ್ಳನೆಯ ರೇನ್ ಕವರ್ ಕಕ್ಕಡ ತಿಂಗಳ ಜಡಿಮಳೆಗೆ ಅರ್ಧ ಗಂಟೆಯೂ ತಡೆಯುವುದಿಲ್ಲ. ಭಾರದ ವಸ್ತು ಕೆಳಗೆ, ಮುಂದಕ್ಕೆ. ಹಿಂದಿನ ಮೇಲುಪೆಟ್ಟಿಗೆಯಲ್ಲಿ ಹಗುರದ್ದು ಮಾತ್ರ, ಅಲ್ಲಿ ಭಾರ ಹೆಚ್ಚಾದರೆ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ. ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿ, ಟೈರಿನ ಗಾಳಿಯನ್ನು ಇಬ್ಬರಿಗೆಂದು ಸ್ಟಿಕ್ಕರ್ ಹೇಳುವಷ್ಟಕ್ಕೆ ಏರಿಸಿ.

ಮಳೆಯಲ್ಲಿ ಚೈನ್ ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಒಣಗಿದ ರಸ್ತೆಯಲ್ಲಿ 500 ಕಿ.ಮೀ.ಗೆ ಒಮ್ಮೆ ಲೂಬ್. ಮಳೆಯಲ್ಲಿ ಓಡಿದ ದಿನ, ಸಂಜೆ ಚೈನ್ ಬಿಸಿ ಇರುವಾಗಲೇ. ತೊಳೆಯಲು ಸೀಮೆಎಣ್ಣೆಯೋ ಚೈನ್ ಕ್ಲೀನರೋ ಸರಿ, ಪೆಟ್ರೋಲ್ ಬೇಡ, ಚೈನಿನ ಕೊಂಡಿಗಳಲ್ಲಿರುವ ರಬ್ಬರ್ ಉಂಗುರ (ಒ-ರಿಂಗ್) ಹಾಳಾಗುತ್ತದೆ. ಸಡಿಲವನ್ನು ಅಳೆಯುವಾಗ ಚಕ್ರವನ್ನು ನಾಲ್ಕು ಕಡೆ ತಿರುಗಿಸಿ ಅಳೆದು, ಅತಿ ಬಿಗಿಯಾದ ಜಾಗಕ್ಕೆ ಹೊಂದಿಸಿ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ದೊಡ್ಡ ಬೈಕಿಗೆ ಬಿಡುತ್ತಾರೆಯೇ?

ಇಲ್ಲ. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಯಾವ ಬೈಕಿಗೂ ಪ್ರವೇಶವಿಲ್ಲ, ಎಷ್ಟೇ ಸಿಸಿ ಇರಲಿ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕುಶಾಲನಗರದಿಂದ ಅರಕಲಗೂಡು, ಹಾಸನದ ಮೇಲೆ ಹೋದರೆ ಕಿ.ಮೀ. ಹೆಚ್ಚಾದರೂ ಮನಸ್ಸಿಗೆ ನೆಮ್ಮದಿ. ಇನ್ನು ಗುಂಡ್ಲುಪೇಟೆ ಮೇಲೆ ಊಟಿಗೋ ವಯನಾಡಿಗೋ ಹೋಗುವವರು ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದನ್ನು ಮರೆಯಬೇಡಿ. ನೀಲಗಿರಿಗೆ ಇ-ಪಾಸ್ ಬೇಕು.

ಮಳೆಗಾಲದಲ್ಲಿ ಮೂರು ತಿಂಗಳು ಬೈಕ್ ನಿಲ್ಲಿಸುವುದು ಹೇಗೆ?

ಟ್ಯಾಂಕ್ ಪೂರ್ತಿ ತುಂಬಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ, ಅದು ತೇವ ಎಳೆಯುತ್ತದೆ, ಖಾಲಿ ಜಾಗ ಹೆಚ್ಚಿದ್ದಷ್ಟೂ ಹೆಚ್ಚು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಸೈಲೆನ್ಸರ್ ತಣ್ಣಗಾದ ಮೇಲೆ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಕಟ್ಟಿದ್ದೇನೆಂದು ಕೀಲಿಗೊಂದು ಚೀಟಿ ಕಟ್ಟಿ. ಟಾರ್ಪಾಲನ್ನು ನೇರ ಹೊದಿಸಬೇಡಿ. ಒಳಗೆ ಬೆವರಿ ಸೀಟಿಗೆ ಬೂಷ್ಟು ಹಿಡಿಯುತ್ತದೆ. ಹಳೆಯ ಹತ್ತಿ ಬೆಡ್‌ಶೀಟ್ ಸಾಕು. ಸೈಡ್ ಸ್ಟ್ಯಾಂಡಿನ ಅಡಿ ಚಪ್ಪಟೆ ಕಲ್ಲಿಡಿ, ಮಣ್ಣಿನ ನೆಲದಲ್ಲಿ ಅದು ರಾತ್ರೋರಾತ್ರಿ ಹೂತುಹೋಗುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಉಪಕಾರವಲ್ಲ, ಎಂಜಿನ್ ಬಿಸಿಯಾಗುವ ಮುಂಚೆ ನಿಂತು ಒಳಗೆ ನೀರು ಕೂರುತ್ತದೆ. ಓಡಿಸಿದರೆ 15 ಕಿ.ಮೀ. ಓಡಿಸಿ, ಇಲ್ಲವೇ ಮುಟ್ಟಬೇಡಿ.

ತೋಟದ ಮನೆಯಲ್ಲಿ ನಿಜವಾದ ಶತ್ರು ಇಲಿ. ವೈರಿಂಗ್ ಕಡಿಯುತ್ತದೆ, ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಗೂಡು ಕಟ್ಟುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತ ಹಬ್ಬ ಕಳೆದು ಬೈಕ್ ಹೊರತೆಗೆದಾಗ ಮೊದಲು ಆ ಪೆಟ್ಟಿಗೆ ತೆರೆದು ನೋಡಿ, ಆಮೇಲೆ ಬ್ಯಾಟರಿ ಜೋಡಿಸಿ. ಆಯಿಲ್, ಕೂಲೆಂಟ್, ಟೈರಿನ ಗಾಳಿ, ಬ್ರೇಕ್ ಲಿವರ್ ಗಟ್ಟಿ ಇದೆಯೇ ಎಂಬುದನ್ನೆಲ್ಲ ನೋಡಿ. ಡಿಸ್ಕಿನ ಮೇಲೆ ತುಕ್ಕಿನ ಪೊರೆ ಇರುತ್ತದೆ. ಮೊದಲ ಒಂದು ಕಿ.ಮೀ. ನಿಧಾನ ಹೋಗಿ, ಹತ್ತಾರು ಸಲ ಮೆಲ್ಲಗೆ ಬ್ರೇಕ್ ಒತ್ತಿದರೆ ಅದು ಉಜ್ಜಿ ಹೋಗುತ್ತದೆ. ಅಲ್ಲಿಯವರೆಗೆ ಘಾಟಿಯ ಕಡೆ ತಿರುಗಬೇಡಿ.